ದಾಕ್ಷಾಯಿಣಕ್ಕನ ಬಾಗಿಲು ಕಚ್ಚಿಕೊಂಡದ್ದು

ನಮ್ಮೂರಿಗೆ ಹೊಸದಾಗಿ ವರ್ಗವಾಗಿ ಬಂದವರು ಮೊದಲ ತಿಂಗಳಲ್ಲೇ ಬಡಗಿಯನ್ನು ಕರೆಸುತ್ತಾರೆ. ಬಡಗಿ ಬರುತ್ತಾನೆ, ಬೀದಿಬಾಗಿಲನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾನೆ, ಉಳಿಯನ್ನು ಚೀಲದಿಂದ ಹೊರಗೇ ತೆಗೆಯದೆ, "ಯಾರಿಗೆ ಏನಂದ್ರಿ ಸಾರ್?" ಎಂದು ಕೇಳುತ್ತಾನೆ. ಹೊಸಬರಿಗೆ ಸಿಟ್ಟು ಬರುತ್ತದೆ. ಮರ ಹಸಿ ಇದೆ, ಚೌಕಟ್ಟು ಸೊಟ್ಟಗಿದೆ, ಗೋಡೆ ಕುಸಿದಿದೆ ಎಂದು ವಾದಿಸುತ್ತಾರೆ. ಎರಡು ದಿನ ಕಿಟಕಿ ಹತ್ತಿ ಇಳಿದ ಮೇಲೆ ಮೂರನೆಯ ದಿನ ಹಾಲಿನವಳ ಮನೆ ಹುಡುಕಿಕೊಂಡು ಹೋಗಿ, "ಮೊನ್ನೆ ನಿನ್ನ ಹಾಲಿನ ಬಗ್ಗೆ ಏನೋ ಅಂದುಬಿಟ್ಟೆ ನೋಡು..." ಎಂದು ತಡವರಿಸುತ್ತಾರೆ. ಅಲ್ಲಿಗೆ ಅವರು ನಮ್ಮೂರಿನವರಾದರು ಅಂತ ಅರ್ಥ.

ನಮ್ಮಲ್ಲಿ ಇದು ಹೀಗೇ. ಒಬ್ಬರು ಇನ್ನೊಬ್ಬರ ಮನಸ್ಸು ನೋಯಿಸಿದರೆ, ನೋಯಿಸಿದವರ ಮನೆಯ ಬೀದಿಬಾಗಿಲು ಕಚ್ಚಿಕೊಳ್ಳುತ್ತದೆ. ಎಳೆದರೂ ಬರುವುದಿಲ್ಲ, ದೂಡಿದರೂ ಹೋಗುವುದಿಲ್ಲ. ನೊಂದವರ ಮನಸ್ಸು ತಿಳಿಯಾಗುವ ತನಕ ಅಷ್ಟೇ. ಇವರು ಬಾಯಲ್ಲಿ 'ತಪ್ಪಾಯ್ತು' ಎಂದರೆ ಸಾಲದು, ಅವರು ಬಾಯಲ್ಲಿ 'ಪರವಾಗಿಲ್ಲ ಬಿಡಿ' ಎಂದರೂ ಸಾಲದು. ಅದಕ್ಕೇ ಇಲ್ಲಿ ಯಾವ ಮನೆಯ ಮುಂಗಿಟಕಿಗೂ ಸರಳು ಹಾಕಿಸುವುದಿಲ್ಲ. ಒಳಗೊಂದು ಹೊರಗೊಂದು ಸ್ಟೂಲು ಇಟ್ಟಿರುತ್ತಾರೆ. ಹೆಣ್ಣು ನೋಡಲು ಬಂದ ಹಿರಿಯರು ಹುಡುಗಿ ತಂದಿಟ್ಟ ಉಪ್ಪಿಟ್ಟಿಗೆ ಕೈ ಹಾಕುವ ಮೊದಲು ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ ನೋಡುತ್ತಾರೆ. ಅದು ತೀರಾ ನುಣುಪಾಗಿದ್ದರೆ, ಜಾತಕ ಕೂಡಿಬರಲಿಲ್ಲ ಎಂದು ಮಾರನೆಯ ದಿನ ಹೇಳಿಕಳಿಸುತ್ತಾರೆ.

ಹೀಗಾಗಿ 'ಅವನು ನನ್ನನ್ನು ನೋಯಿಸಿದ' ಎಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮೂರಲ್ಲಿ ಬೆಳೆಯಲೇ ಇಲ್ಲ. ನೋಯಿಸಿದ್ದು ಯಾರು ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಯಾರನ್ನು ಎಂಬುದೊಂದು ಮಾತ್ರ ಗೊತ್ತಾಗುವುದಿಲ್ಲ. ಅದನ್ನು ನೋಯಿಸಿದವರೇ ಹುಡುಕಿಕೊಳ್ಳಬೇಕು.

ದಾಕ್ಷಾಯಿಣಕ್ಕ ನಮ್ಮ ಬೀದಿಯ ಟೈಲರು. ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತಾರೆ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಪಕ್ಕದ್ದು ನನ್ನದು, ದಾರ, ಗುಂಡಿ, ಹುಕ್ಕು, ಲೇಸು ಮಾರುತ್ತೇನೆ. ಅವರ ಕೈಯಲ್ಲಿ ಕೆಲಸ ಹೆಚ್ಚಾದ ದಿನ ನಾನು ಹೋಗಿ ಅಳತೆ ಪುಸ್ತಕ ಹಿಡಿದು ಕೂರುವುದುಂಟು. ಅವರು ಟೇಪು ಹಿಡಿದು ಕೂಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಕೂಗುತ್ತಾರೆ ಎಂದೆ, ಆ ಮಾತನ್ನು ಬೇಕೆಂದೇ ಬಳಸಿದೆ. ಬಸ್ ನಿಲ್ದಾಣದಲ್ಲಿ ಊರಿನ ಹೆಸರು ಕೂಗುವ ಕಂಡಕ್ಟರಿಗೂ ಅವರಿಗೂ ದನಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

"ಸೊಂಟ ಮೂವತ್ತೊಂಬತ್ತು! ಬರ್ಕೋ ಪಂಕಜಾ. ಯುಗಾದಿಗೆ ಮೂವತ್ತಾರಿತ್ತು. ಏನ್ರೀ, ಒಬ್ಬಟ್ಟನ್ನ ಒಬ್ರೇ ತಿಂದ್ರಾ, ಮನೇವ್ರಿಗೂ ಕೊಟ್ರಾ?"

ಇದು ಅವರ ನಿತ್ಯದ ಮಾತು. ಹಸಿರು ನಿಮಗೆ ಒಪ್ಪುವುದಿಲ್ಲ, ಕಾಮಾಲೆ ಬಂದವರ ಹಾಗೆ ಕಾಣುತ್ತೀರಿ ಎಂದು ಕೊಂಡುತಂದ ಬಟ್ಟೆಯನ್ನು ವಾಪಸ್ಸು ಮಡಿಸಿಕೊಡುತ್ತಾರೆ. ಮದುವಣಗಿತ್ತಿಗೆ ಒಂದು ಭುಜ ಇಳಿದಿದೆ ಎಂದು ಅತ್ತೆಯ ಎದುರಿಗೇ ಹೇಳುತ್ತಾರೆ. ಇಷ್ಟೆಲ್ಲ ಆಡಿದರೂ ಮೂವತ್ತೆರಡು ವರ್ಷದಲ್ಲಿ ಒಂದು ದಿನವೂ ಅವರ ಬಾಗಿಲು ಕಚ್ಚಿಕೊಂಡದ್ದಿಲ್ಲ. ಹಗಲೆಲ್ಲ ಅಮ್ಮ ಅಕ್ಕ ಎಂದು ಬೆಣ್ಣೆಯಂತೆ ಮಾತಾಡುವ ನಾನು ವರ್ಷಕ್ಕೆ ನಾಲ್ಕು ಸಲ ಕಿಟಕಿ ಹತ್ತುತ್ತೇನೆ. ಇದು ಯಾವ ನ್ಯಾಯ ಎಂದು ಒಮ್ಮೆ ಅವರನ್ನೇ ಕೇಳಿದ್ದೆ. ಅವರು ಕತ್ತರಿ ನಿಲ್ಲಿಸದೆ ಹೇಳಿದರು, "ನಾನು ಅಳತೆ ಹೇಳ್ತೀನಿ ಕಣೇ. ನೋಯಿಸಲ್ಲ. ಅದೇ ಬೇರೆ, ಇದೇ ಬೇರೆ." ಆ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಅವರ ಕಿಟಕಿಯ ಕಟ್ಟೆಗೆ ಹೊಡೆದ ಬಣ್ಣ ಹೊಡೆದ ಹಾಗೇ ಇತ್ತು. ಅದರ ಮೇಲೆ ತುಳಸಿ ಕುಂಡ ಬೇರೆ ಇಟ್ಟಿದ್ದರು.

ಒಂದು ಗುರುವಾರ ಬೆಳಿಗ್ಗೆ ನಾನು ಅಂಗಡಿಯ ಕದ ತೆಗೆಯುತ್ತಿದ್ದಾಗ ಪಕ್ಕದಿಂದ ಧಡ್ ಧಡ್ ಸದ್ದು ಕೇಳಿಸಿತು. ನೋಡಿದರೆ ದಾಕ್ಷಾಯಿಣಕ್ಕನ ಬಾಗಿಲು ಒಳಗಿನಿಂದ ಅಲುಗುತ್ತಿತ್ತು. ಆಮೇಲೆ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ತುಳಸಿ ಕುಂಡ ಪಕ್ಕಕ್ಕೆ ಸರಿಯಿತು, ಕಿಟಕಿಯಲ್ಲಿ ಅವರ ಮುಖ ಕಂಡಿತು.

"ಪಂಕಜಾ, ಚಿಲಕ ಕೆಟ್ಟಿದೆ ಅನ್ಸುತ್ತೆ. ಬಡಗಿನ ಕರೀತೀಯಾ?"

ನನಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ಬಡಗಿ ಬಂದು ಏನು ಕೇಳ್ತಾನೆ ಅಂತ ನಿಮಗೆ ಗೊತ್ತಿಲ್ವಾ?"

ಐವತ್ತೆಂಟು ವರ್ಷದ ಹೆಂಗಸು, ಹೊಸದಾಗಿ ಈಜು ಕಲಿಯುವವರ ಹಾಗೆ ಒಂದು ಕಾಲನ್ನು ಹೊರಗೆ ಹಾಕಿ, ಇನ್ನೊಂದನ್ನು ಎಲ್ಲಿಡಬೇಕೆಂದು ತಿಳಿಯದೆ ಕಟ್ಟೆಯ ಮೇಲೆ ಕುಳಿತೇಬಿಟ್ಟರು. ಎದುರುಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕೈಯಲ್ಲಿದ್ದ ಸೀರೆ ಹಾಗೇ ಹಿಡಿದು ನಿಂತರು. ಹತ್ತು ಗಂಟೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಆವತ್ತು ನನ್ನ ಅಂಗಡಿಗೆ ಯಾವತ್ತೂ ಬಾರದವರೆಲ್ಲ ಬಂದು ಒಂದೊಂದು ಗುಂಡಿ ಕೇಳಿದರು.

ಕೆಲಸವೇನೂ ನಿಲ್ಲಲಿಲ್ಲ. ಒಳಗೆ ಬರಲಾರದವರಿಗೆ ದಾಕ್ಷಾಯಿಣಕ್ಕ ಕಿಟಕಿಯಿಂದಲೇ ಕೈ ಚಾಚಿ ಬೀದಿಯಲ್ಲಿ ನಿಲ್ಲಿಸಿ ಅಳತೆ ತೆಗೆದರು. ಮೊದಲು ನಾಲ್ಕು ಗೋಡೆಗೆ ಕೇಳಿಸುತ್ತಿದ್ದದ್ದು ಈಗ ತರಕಾರಿ ಗಾಡಿಯವನಿಗೂ ಕೇಳಿಸಿತು ಅಷ್ಟೇ. ಆದರೆ ಅವರ ಕೂಗಿನಲ್ಲಿ ಮೊದಲಿನ ಹುರುಪಿರಲಿಲ್ಲ. ಪ್ರತಿಯೊಬ್ಬರ ಅಳತೆ ಮುಗಿದ ಮೇಲೆ ದನಿ ಇಳಿಸಿ, "ನಾನು ನಿಮಗೇನಾದ್ರೂ ಅಂದಿದ್ನಾ?" ಎಂದು ಕೇಳುತ್ತಿದ್ದರು.

ಸಂಜೆ ಅಂಗಡಿ ಮುಚ್ಚಿ ಮನೆಮನೆಗೆ ಹೊರಟರು. ಜೊತೆಗೆ ನಾನೂ ಹೋದೆ. ಕುತೂಹಲವಿತ್ತು, ಸುಳ್ಳು ಯಾಕೆ ಹೇಳಲಿ. ಮೊದಲು ಹೋದದ್ದು ಹಿಟ್ಟಿನ ಗಿರಣಿಯ ಸಿದ್ಧಗಂಗಮ್ಮನ ಮನೆಗೆ. ಹೋದ ವಾರವಷ್ಟೇ ಆಕೆಗೆ, ಬೆನ್ನು ಇಷ್ಟು ಅಗಲ ತೆಗೆಸಿದರೆ ನೆಗಡಿ ಬರುತ್ತದೆ, ಈ ವಯಸ್ಸಿಗೆ ಬೇಕಾ ಎಂದು ಇವರು ಹೇಳಿದ್ದರು.

ಸಿದ್ಧಗಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಕ್ಕಾ, ಅದಕ್ಕೆ ಯಾರು ನೊಂದ್ಕೋತಾರೆ? ನೀವು ಎಲ್ರಿಗೂ ಅಂತೀರಲ್ಲ! ನೀವು ಅನ್ನದೆ ಕಳಿಸಿದ್ರೆ ನಮ್ಮನೇಲಿ ಅಳತೆ ಸರಿ ತಗೊಂಡಿಲ್ವೇನೋ ಅಂತಾರೆ."

ಶುಕ್ರವಾರ ಒಂಬತ್ತು ಮನೆ, ಶನಿವಾರ ಹನ್ನೊಂದು. ಎಲ್ಲ ಕಡೆಯೂ ಇದೇ ಕತೆ. ಕೆಲವರು ದಾಕ್ಷಾಯಿಣಕ್ಕ ತಮಗೆ ಅಂದದ್ದನ್ನು ಮನೆಯವರನ್ನೆಲ್ಲ ಕರೆದು ಅಭಿನಯಿಸಿ ತೋರಿಸಿದರು. ಒಬ್ಬಾಕೆಗೆ ಮಾತ್ರ ತುಸು ಬೇಸರವಾಯಿತು. ಅಂದದ್ದಕ್ಕಲ್ಲ, ನಾಲ್ಕು ದಿನದಿಂದ ಹುಡುಕುತ್ತಿದ್ದೀರಂತೆ, ನಮ್ಮ ಮನೆಗೆ ಇಷ್ಟು ತಡವಾಗಿ ಬಂದಿರಲ್ಲ ಎಂದು. "ಮೂರೇ ದಿನ" ಎಂದು ದಾಕ್ಷಾಯಿಣಕ್ಕ ತಿದ್ದಿದರು. ಆ ಮನೆಯಿಂದ ಹೊರಗೆ ಬಂದಾಗ ಮೊದಲ ಸಲ ಅವರ ಮುಖದಲ್ಲಿ ಹೆದರಿಕೆ ಕಂಡೆ.

"ಬೈಸ್ಕೊಂಡೋರು ಯಾರೂ ನೊಂದಿಲ್ಲ ಅಂದ್ರೆ ನಾನು ನೋಯಿಸಿದ್ದಾದ್ರೂ ಯಾರನ್ನೇ?"

ವೃಷಭೇಂದ್ರಯ್ಯ ಮೇಷ್ಟ್ರನ್ನು ಕೇಳೋಣ ಎಂದು ನಾನೇ ಹೇಳಿದೆ. ಅವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಇಂಥ ಪೇಚಿನಲ್ಲಿ ಸಿಕ್ಕವರೆಲ್ಲ ಅವರ ಹತ್ತಿರ ಹೋಗುತ್ತಾರೆ. ಅವರ ಬಾಗಿಲೇ ಹನ್ನೊಂದು ವರ್ಷದಿಂದ ಕಚ್ಚಿಕೊಂಡಿರುವುದರಿಂದ ಅವರಿಗೆ ಅನುಭವ ಹೆಚ್ಚು ಎಂಬ ನಂಬಿಕೆ. ನಾವು ಹೋದಾಗ ಮೇಷ್ಟ್ರು ಕಿಟಕಿಯ ಕಟ್ಟೆಯ ಮೇಲೆ ದಿಂಬು ಹಾಕಿಕೊಂಡು, ಕಾಲು ಬೀದಿಗೆ ಇಳಿಬಿಟ್ಟು ಪೇಪರ್ ಓದುತ್ತಿದ್ದರು.

ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು. "ನೋಡಿ ದಾಕ್ಷಾಯಿಣಮ್ಮ, 'ನೋಯು' ಅನ್ನೋದು ತನ್ನ ಪಾಡಿಗೆ ತಾನು ಆಗೋದು. ಕಾಲು ನೋಯುತ್ತೆ, ಹಲ್ಲು ನೋಯುತ್ತೆ. ಅದಕ್ಕೆ 'ಇಸು' ಸೇರಿತು ಅನ್ನಿ, ಇನ್ನೊಬ್ಬರ ಕೈವಾಡ ಇದೆ ಅಂತ ಅರ್ಥ. ನಗು, ನಗಿಸು. ಅಳು, ಅಳಿಸು. ನೋಯು, ನೋಯಿಸು. ಸಕರ್ಮಕ ಕ್ರಿಯಾಪದ. ಯಾರನ್ನ ಅನ್ನೋ ಕರ್ಮಪದ ಇಲ್ದೆ ಆ ವಾಕ್ಯ ಪೂರ್ತಿ ಆಗಲ್ಲ. ವಾಕ್ಯ ಪೂರ್ತಿ ಆಗದೆ ನಿಮ್ಮ ಬಾಗಿಲು ತೆಗೆಯಲ್ಲ."

"ಮೇಷ್ಟ್ರೇ, ನಾನು ಬೇಕು ಅಂತ ಯಾರನ್ನೂ ನೋಯಿಸಿಲ್ಲ."

"'ಬೇಕು ಅಂತ' ಅನ್ನೋದನ್ನ ವಾಕ್ಯಕ್ಕೆ ಹಾಕಬಹುದು," ಎಂದರು ಮೇಷ್ಟ್ರು. "ಆದ್ರೆ ಅದನ್ನ ತೆಗೆದು ಓದಿ. ವಾಕ್ಯ ನಿಂತೇ ಇರುತ್ತೆ."

ದಾಕ್ಷಾಯಿಣಕ್ಕನಿಗೆ ಸಿಟ್ಟು ಬಂತು. ಇಷ್ಟು ವ್ಯಾಕರಣ ಗೊತ್ತಿರುವವರು ಹನ್ನೊಂದು ವರ್ಷದಿಂದ ಕಿಟಕಿಯಲ್ಲಿ ಯಾಕೆ ಕೂತಿದ್ದೀರಿ ಎಂದು ಕೇಳಿಯೇಬಿಟ್ಟರು. ಮೇಷ್ಟ್ರು ಪೇಪರನ್ನು ನಾಲ್ಕು ಮಡಿಕೆ ಮಾಡಿದರು.

"ನನ್ನ ವಾಕ್ಯ ಪೂರ್ತಿ ಇದೆ. ಒಬ್ಬ ಹುಡುಗ ಒಳ್ಳೇ ಪ್ರಬಂಧ ಬರ್ಕೊಂಡು ಬಂದಿದ್ದ. ಕ್ಲಾಸಲ್ಲಿ ಎಲ್ರ ಮುಂದೆ, ಇದು ನಿಂದಲ್ಲ, ಎಲ್ಲಿಂದ ಕದ್ದೆ ಅಂದೆ. ಅವನದೇ ಆಗಿತ್ತು. ನಂಗೆ ಗೊತ್ತಾಗೋ ಹೊತ್ತಿಗೆ ಅವರ ಮನೆಯವರು ಊರು ಬಿಟ್ಟಿದ್ರು. ಯಾವ ಊರಿಗೆ ಅಂತ ಇವತ್ತಿಗೂ ತಿಳೀಲಿಲ್ಲ." ಕನ್ನಡಕ ಮತ್ತೆ ಹಾಕಿಕೊಂಡು ಸೇರಿಸಿದರು, "ನಿಮ್ಮೋರು ಊರಲ್ಲೇ ಇರೋವಾಗ್ಲೇ ಹುಡುಕ್ಬಿಡಿ."



ಭಾನುವಾರ ಅವರಿಗೆ ರಜೆ. ಆದರೂ ಬೆಳಿಗ್ಗೆಯೇ ಕಿಟಕಿಯಿಂದ ನನ್ನನ್ನು ಕರೆದರು. ಇಂದುಮತಿಯ ರೇಷ್ಮೆ ರವಿಕೆ ಸೋಮವಾರದೊಳಗೆ ಆಗಬೇಕಿತ್ತು. ಇಂದುಮತಿ ಅವರ ಬಲು ಹಳೆಯ ಗೆಳತಿ. ಇಬ್ಬರೂ ಮಹಿಳಾ ಸಮಾಜದಲ್ಲಿ ಒಂದೇ ಬೆಂಚಿನಲ್ಲಿ ಕೂತು ಹೊಲಿಗೆ ಕಲಿತವರು. ಇವರು ಟೈಲರಾದರು, ಆಕೆ ಪೋಸ್ಟಾಫೀಸಿನ ಕೌಂಟರಿಗೆ ಸೇರಿದಳು. ಕೌಂಟರು ತುಂಬುವಂಥ ಮೈಕಟ್ಟು. ಆಕೆ ಅಳತೆಗೆ ಬಂದ ದಿನ ನಮಗೆಲ್ಲ ಹಬ್ಬ. "ಪಂಕಜಾ, ಇನ್ನೊಂದು ಟೇಪು ತಾರೇ, ಇದು ಅರ್ಧ ದಾರೀಲಿ ಮುಗೀತು!" ಎಂದು ದಾಕ್ಷಾಯಿಣಕ್ಕ ಕೂಗುವುದು, ಇಂದುಮತಿ ಅವರ ಬೆನ್ನಿಗೊಂದು ಗುದ್ದುವುದು, ಹೀಗೆ ನಡೆಯುತ್ತಿತ್ತು. ಕಳೆದ ಚಳಿಗಾಲದಲ್ಲಿ ಆಕೆಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಪರೇಷನ್ನು, ಆಮೇಲೆ ಔಷಧಿ. ಐದು ತಿಂಗಳ ಮೇಲೆ ಹದಿನೈದು ದಿನಕ್ಕೆಂದು ಮನೆಗೆ ಬಂದಿದ್ದಳು. ಸೋಮವಾರ ಮತ್ತೆ ಹೊರಡಬೇಕಿತ್ತು. ಅಲ್ಲಿ ಎಷ್ಟು ದಿನವೋ, ಮುಂದೆ ಹೇಗೋ, ಡಾಕ್ಟರೂ ಸರಿಯಾಗಿ ಹೇಳಿರಲಿಲ್ಲ.

ದಾಕ್ಷಾಯಿಣಕ್ಕ ನೇರಳೆ ಬಣ್ಣದ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಸೀಮೆಸುಣ್ಣ ಕೈಗೆ ತೆಗೆದುಕೊಂಡರು. "ಇಂದೂದು ಓದು."

ನಾನು ಬುಧವಾರದ ಹಾಳೆ ತೆಗೆದೆ. ಮೇಲೆ ಇಂದುಮತಿ ಎಂದು ನನ್ನದೇ ಅಕ್ಷರವಿತ್ತು. ಎದೆ, ಸೊಂಟ, ತೋಳು, ಉದ್ದ ಎಂದು ಸಾಲಾಗಿ ಬರೆದಿದ್ದೆ. ಯಾವುದರ ಮುಂದೆಯೂ ಅಂಕಿ ಇರಲಿಲ್ಲ.

"ನೀವು ಹೇಳ್ಲೇ ಇಲ್ವಲ್ಲ ಅಕ್ಕಾ."

"ಏನು ಹೇಳ್ಲಿಲ್ಲ?"

"ಅಳತೆ. ಟೇಪು ಹಿಡಿದ್ರಿ. ಆಮೇಲೆ ಸುರುಳಿ ಸುತ್ತಿ ಇಟ್ಬಿಟ್ರಿ. ನಾನು ಬರ್ಕೊಳ್ಳೋಕೆ ಕಾಯ್ತಾ ಕೂತಿದ್ದೆ."

ಅವರು ಸೀಮೆಸುಣ್ಣ ಕೆಳಗಿಟ್ಟರು. ಬುಧವಾರ ನಡೆದದ್ದು ನನಗೂ ನೆನಪಿಗೆ ಬಂತು. ಇಂದುಮತಿ ಒಳಗೆ ಬಂದು ಕೈ ಅಗಲಿಸಿ ನಿಂತಳು, ಅಭ್ಯಾಸದಂತೆ ನಗುತ್ತ, "ಹೂಂ, ಶುರು ಮಾಡು" ಎಂದಳು. ದಾಕ್ಷಾಯಿಣಕ್ಕ ಟೇಪು ಸುತ್ತಿದರು. ಟೇಪಿನ ತುದಿ ಹಳೆಯ ಅಳತೆಗಿಂತ ತುಂಬಾ ಮೊದಲೇ ಬಂದು ಸೇರಿತು. ಅವರು ಅಂಕಿ ನೋಡಿದರು, ಕೂಗಲಿಲ್ಲ. "ಚೆನ್ನಾಗೇ ಇದ್ದೀಯಲ್ಲೇ. ಏನೂ ಇಳಿದಿಲ್ಲ. ಹಳೇ ಅಳತೆನೇ ಸಾಕು, ಸ್ವಲ್ಪ ಒಳಗೆ ಹಿಡೀತೀನಿ" ಎಂದು ಮೆಲ್ಲಗೆ ಹೇಳಿದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಷ್ಟು ಒಳ್ಳೆಯ ಮನಸ್ಸು ಎಂದುಕೊಂಡಿದ್ದೆ. ಇಂದುಮತಿ ಕೈ ಇಳಿಸಿ, ಸೆರಗು ಸರಿಮಾಡಿಕೊಂಡು, "ಆಯ್ತು" ಎಂದಷ್ಟೇ ಹೇಳಿ ಹೋಗಿದ್ದಳು.

ಈ ಮೂರು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆ ಸುತ್ತಿದ್ದೆವು. ಇಂದುಮತಿಯ ಮನೆಗೆ ಹೋಗಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಅವಳಿಗೆ ಇವರು ಏನೂ ಅಂದಿರಲಿಲ್ಲವಲ್ಲ.

ದಾಕ್ಷಾಯಿಣಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡು ಕಿಟಕಿ ಹಾರಿದರು. ಗುರುವಾರ ಕಾಲಿಡಲು ಜಾಗ ಹುಡುಕಿದವರು ಈಗ ಸ್ಟೂಲನ್ನೂ ಮುಟ್ಟಲಿಲ್ಲ. ನಾನು ಅಳತೆ ಪುಸ್ತಕ ಹಿಡಿದು ಹಿಂದೆ ಓಡಿದೆ.

ಇಂದುಮತಿ ಹಾಸಿಗೆಯ ಮೇಲೆ ಚೀಲ ಇಟ್ಟುಕೊಂಡು ಬಟ್ಟೆ ತುಂಬುತ್ತಿದ್ದಳು. ನಮ್ಮನ್ನು ನೋಡಿ, "ಬ್ಲೌಸ್ ಆಯ್ತಾ?" ಎಂದಳು. ದನಿಯಲ್ಲಿ ಮರ್ಯಾದೆ ಇತ್ತು. ಮೂವತ್ತು ವರ್ಷಕ್ಕೂ ಹಳೆಯ ಗೆಳತಿಯ ಬಾಯಲ್ಲಿ ಅಂಥ ಮರ್ಯಾದೆ ಕೇಳಲು ಕಷ್ಟವಾಗುತ್ತದೆ.

"ಆಗಿಲ್ಲ. ಇಂದೂ, ನನ್ನ ಬಾಗಿಲು ಕಚ್ಕೊಂಡಿದೆ."

"ಕೇಳ್ದೆ. ಊರೆಲ್ಲ ಹುಡುಕ್ತಾ ಇದ್ದೀಯಂತೆ."

"ನೀನೇ ತಾನೆ?"

ಇಂದುಮತಿ ಒಂದು ಟವಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಐದು ತಿಂಗಳಿಂದ ಎಲ್ರೂ ಹಾಗೇ ಅಂತಿದ್ದಾರೆ ದಾಕ್ಷಿ. ಚೆನ್ನಾಗಿದ್ದೀರಿ, ಏನೂ ಇಳಿದಿಲ್ಲ. ನರ್ಸು ಅಂದ್ಲು, ನಮ್ಮ ಭಾವ ಅಂದ್ರು, ಪಕ್ಕದ ಮಂಚದೋಳೂ ಅಂದ್ಲು. ಅವರೆಲ್ಲ ಅಂದ್ರೆ ಅನ್ಲಿ. ಊರಿಗೆ ಹೋಗ್ತೀನಲ್ಲ, ದಾಕ್ಷಿ ಟೇಪು ಹಿಡಿದು ನಿಜ ಕೂಗ್ತಾಳೆ, ಬೀದಿಯೋರೆಲ್ಲ ನಗ್ತಾರೆ, ನಾನೂ ನಗ್ತೀನಿ ಅಂತ ಕಾಯ್ತಾ ಇದ್ದೆ. ನೀನೂ ಬಾಯಿ ಮುಚ್ಕೊಂಡೆ. ಆಗ ನಂಗೆ ಅನ್ನಿಸ್ತು, ಹಾಗಿದ್ರೆ ನಾನು ಹೋದ ಹಾಗೇನೇ."

"ನಿನ್ನ ನೋಯಿಸ್ಬಾರ್ದು ಅಂತ ಕಣೇ ಸುಮ್ನಿದ್ದೆ."

"ಗೊತ್ತು. ಅದೇ ನೋಯಿಸ್ತು."

ದಾಕ್ಷಾಯಿಣಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ತಪ್ಪಾಯಿತು ಎನ್ನುತ್ತಾರೆ ಎಂದು ನಾನು ಕಾದೆ. ಅವರು ಅನ್ನಲಿಲ್ಲ. ಕೊರಳಿನಿಂದ ಟೇಪು ತೆಗೆದು, ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ಎದ್ದು ನಿಂತ್ಕೋ. ಕೈ ಅಗಲ್ಸು" ಎಂದರು. ಇಂದುಮತಿ ನಿಂತಳು.

"ಎದೆ ಮೂವತ್ತಮೂರು!" ಮೊದಲ ಕೂಗಿಗೆ ದನಿ ಒಡೆಯಿತು. ಕೆಮ್ಮಿ ಸರಿಮಾಡಿಕೊಂಡು ಮತ್ತೆ ಕೂಗಿದರು. "ಮೂವತ್ತಮೂರು! ಬರ್ಕೋ ಪಂಕಜಾ. ನಲವತ್ತನಾಲ್ಕು ಇದ್ದೋಳು! ಹನ್ನೊಂದಿಂಚು ಎಲ್ಲಿ ಬಿಟ್ಟು ಬಂದೆಯೇ, ಬಸ್ಸಲ್ಲಾ? ತೋಳು ಹತ್ತು! ಇದೇನು ತೋಳೋ ಕೊಡೆ ಹಿಡಿಯೋ? ಬೆನ್ನು... ಅಯ್ಯೋ ಶಿವನೇ, ಈ ಮೂಳೆಗಳ ಮೇಲೆ ಹೊಲಿಗೆ ಹೇಗೆ ಕೂರಿಸ್ಲಿ ನಾನು? ಹ್ಯಾಂಗರಿಗೆ ಬ್ಲೌಸ್ ಹೊಲಿದ ಹಾಗಾಗುತ್ತೆ!"

ಪಕ್ಕದ ಮನೆಯ ಒಗೆಯುವ ಕಲ್ಲಿನ ಸದ್ದು ನಿಂತಿತು. ದಾಕ್ಷಾಯಿಣಕ್ಕನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಇಂದುಮತಿ ಮೊದಲು ತುಟಿ ಕಚ್ಚಿಕೊಂಡಳು. ಆಮೇಲೆ ಭುಜ ಅಲುಗಿದವು. ಆಮೇಲೆ ನಗು ಎಷ್ಟು ಬಂತೆಂದರೆ, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕುಳಿತು, "ಸಾಕು ಮಾರಾಯ್ತೀ, ಡಾಕ್ಟರ ಹೊಲಿಗೆ ಬಿಚ್ಚಿಹೋಗುತ್ತೆ" ಎಂದಳು.

"ಆ ಡಾಕ್ಟರು ಹೊಲಿಗೆ ಎಲ್ಲಿ ಕಲಿತ್ನೋ, ತೋರ್ಸು ನೋಡೋಣ," ಎಂದರು ಇವರು. ನಿಜವಾಗಿಯೂ ನೋಡಿದರು. ಒಣಗಿದ ಗಾಯದ ಗುರುತು ನೋಡಿ, "ದಪ್ಪ ದಾರ ಹಾಕಿದ್ದಾನೆ" ಎಂದು ತೀರ್ಪು ಕೊಟ್ಟರು.

ಆಮೇಲೆ ಕತ್ತಿನ ಆಕಾರಕ್ಕೆ ಜಗಳ ಶುರುವಾಯಿತು. ಇಂದುಮತಿಗೆ ದೋಣಿ ಕತ್ತು ಬೇಕು, ಇವರು ಕೊರಳೆಲುಬು ಎದ್ದು ಕಾಣುತ್ತದೆ, ಕೊಡುವುದಿಲ್ಲ ಎಂದರು. ಆಸ್ಪತ್ರೆಗೆ ರೇಷ್ಮೆ ಉಟ್ಟುಕೊಂಡು ಹೋಗುವವಳು ನಾನು, ಕತ್ತು ನಿನ್ನದಾ ನನ್ನದಾ ಎಂದು ಅವಳು. ಒಂದು ಗಂಟೆ ನಡೆಯಿತು. ನಾನೇ ಒಳಗೆ ಹೋಗಿ ಕಾಫಿ ಮಾಡಿ ತಂದೆ. ಕೊನೆಗೆ ದೋಣಿ ಕತ್ತೇ ಗೆದ್ದಿತು.

ನಾವು ಹಿಂದಿರುಗಿದಾಗ ಬಾಗಿಲು ಹಾರುಹೊಡೆದುಕೊಂಡಿತ್ತು. ಸಿದ್ಧಗಂಗಮ್ಮ ಒಳಗೆ ಫ್ಯಾನ್ ಹಾಕಿಕೊಂಡು ಕೂತು, "ಬಾಗಿಲು ತೆಗೆದಿತ್ತು, ಬಂದೆ. ನನ್ನ ಬ್ಲೌಸ್ ಯಾವಾಗ ಕೊಡ್ತೀರಿ?" ಎಂದಳು. ಯಾರನ್ನು ನೋಯಿಸಿದ್ದಿರಿ ಎಂದು ಅವಳೂ ಕೇಳಲಿಲ್ಲ. ನಮ್ಮೂರಲ್ಲಿ ಅಷ್ಟು ನಾಗರಿಕತೆ ಇದೆ.

ದಾಕ್ಷಾಯಿಣಕ್ಕ ಆವತ್ತು ಊಟಕ್ಕೂ ಏಳದೆ ಆ ನೇರಳೆ ರವಿಕೆ ಹೊಲಿದರು. ಹುಕ್ಕು ಹಾಕಲು ನನ್ನ ಕೈಗೆ ಕೊಟ್ಟಾಗ ಒಳಗೆ ತಿರುಗಿಸಿ ನೋಡಿದೆ. ಎರಡೂ ಪಕ್ಕದಲ್ಲಿ ಮೂರು ಬೆರಳಗಲ ಬಟ್ಟೆ ಒಳಗೆ ಬಿಟ್ಟಿದ್ದರು. ಒಂದರ ಪಕ್ಕ ಒಂದು ಮೂರು ಸಾಲು ಹೊಲಿಗೆ ಹಾಕಿದ್ದರು, ಬೇಕಾದಾಗ ಒಂದೊಂದೇ ಬಿಚ್ಚಿಕೊಳ್ಳುವ ಹಾಗೆ. ಎಲ್ಲರ ರವಿಕೆಗೂ ಒಂದು ಬೆರಳು ಬಿಡುವವರು ಅವರು. ನಾನು ಮುಖ ನೋಡಿದೆ. "ಏನು ನೋಡ್ತೀಯ, ಹುಕ್ಕು ಹಾಕು" ಎಂದು ಗದರಿದರು.

ಸೋಮವಾರ ಇಂದುಮತಿ ಅದನ್ನು ತೊಟ್ಟುಕೊಂಡೇ ಬಸ್ಸು ಹತ್ತಿದಳು.

ಬೇಸಿಗೆ ಕಳೆದು ಬಂದಾಗ ಮೊದಲ ಸಾಲು ಬಿಚ್ಚಿದರು. ದೀಪಾವಳಿಯ ಹೊತ್ತಿಗೆ ಎರಡನೆಯದು. ಮೊನ್ನೆ ಶಿವರಾತ್ರಿಗೆ ಮುಂಚೆ ಅವಳು ಮತ್ತೆ ಅದೇ ರವಿಕೆ ಹಿಡಿದು ಬಂದಳು. ನಾನು ನನ್ನ ಅಂಗಡಿಯಲ್ಲಿದ್ದೆ. ಗೋಡೆಯಾಚೆಯಿಂದ ದಾಕ್ಷಾಯಿಣಕ್ಕನ ಕೂಗು ಬೀದಿಯ ತುದಿಯವರೆಗೆ ಹೋಯಿತು. "ಮೂವತ್ತೊಂಬತ್ತು! ಇದೇ ಕೊನೇ ಹೊಲಿಗೆ, ಇನ್ನು ಬಿಚ್ಚೋಕೆ ಏನೂ ಉಳಿದಿಲ್ಲ! ನಾಚಿಕೆ ಆಗಲ್ವೇನೇ, ತಿನ್ನೋದು ಸ್ವಲ್ಪ ಕಡಿಮೆ ಮಾಡು!"

ಸ್ವಲ್ಪ ಹೊತ್ತಿಗೆ ಇಂದುಮತಿ ಹುಕ್ಕು ಕೊಳ್ಳುವ ನೆಪದಲ್ಲಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಳು. ಏದುಸಿರು ಬಿಡುತ್ತಿದ್ದಳು. ಮುಖ ಕೆಂಪಾಗಿತ್ತು.

"ಕೇಳಿಸ್ತಾ ಪಂಕಜಾ, ನಂಗೆ ಏನಂದ್ಲು ಅಂತ?"

ಕೇಳಿಸಿತು ಎಂದೆ.

"ನಮ್ಮ ಪೋಸ್ಟಾಫೀಸಿನೋರಿಗೂ ಕೇಳಿಸಿರುತ್ತೆ ಅಲ್ವಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ, ಪೋಸ್ಟಾಫೀಸಿನ ದಾರಿ ಹಿಡಿದಳು.